ಮಾನೋವಾದ ಕಾಮನಬಿಲ್ಲು: ಶುಭವೋ, ಅಶುಭವೋ?

ಮದುವೆ ದಿನ ಹವಾಯಿಯ ಮಾನೋವಾ ಕಣಿವೆಯಲ್ಲಿ ಕಂಡ ಕಾಮನಬಿಲ್ಲನ್ನು ಒಬ್ಬರು ಶುಭ, ಇನ್ನೊಬ್ಬರು ಅಶುಭ ಅಂದರು, ಯಾವುದು ಸರಿ ಅಂತ ಕೇಳಿದ್ದೀರಿ. ಇಬ್ಬರೂ ಬೇರೆ ಬೇರೆ ನಂಬಿಕೆ ಹೇಳಿರಬೇಕು. ಹವಾಯಿಯಲ್ಲಿ ಬಿಲ್ಲು ಎಲ್ಲಿ, ಹೇಗೆ ನಿಂತಿತ್ತು ಅನ್ನೋದು ಮುಖ್ಯ.

ಮೊದಲು ಅದನ್ನು ನೆನಪು ಮಾಡಿಕೊಳ್ಳಿ. ಹೊರಟ ದಾರಿಗೆ ಅಡ್ಡ ನಿಂತಿದ್ದರೆ ಹಳಬರು ವಾಪಸ್ ಹೋಗುತ್ತಿದ್ದರು. ಅಶುಭ ಅಂದವರ ಮನಸ್ಸಲ್ಲಿ ಇದೇ ಇರಬಹುದು. ಆಮೇಲೆ ಆಕಾರ. ನೆಲಕ್ಕಂಟಿದ ಕೆಂಪು ಛಾಯೆಯ ಬಿಲ್ಲು, ಉವಾಕೊಕೊ, ಅರಸು ಮನೆತನದವರ ಗುರುತು.

ಮಾನೋವಾದಲ್ಲಂತೂ ಬಿಲ್ಲು ಅಂದರೆ ದಂತಕಥೆಯ ಕಹಲಾಓಪುನಾ, ಅಲ್ಲಿನ ಗಾಳಿ ಮತ್ತು ಮಳೆಯ ಮಗಳು. ಕಣಿವೆಯ ಹಿಂದಿನ ಕೂಲಾವು ಬೆಟ್ಟದ ತುಂತುರಿಗೆ ಬಿಸಿಲು ತಾಗಿದರೆ ಸಾಕು, ಅವಳು ಕಾಣಿಸಿಕೊಳ್ಳುತ್ತಾಳೆ. ಹಾಗಾಗಿ ನನಗಿದು ಅಪಶಕುನ ಅನ್ನಿಸುವುದಿಲ್ಲ. ಆದರೆ ಶಕುನದ ಅರ್ಥ ಮನೆತನದಿಂದ ಮನೆತನಕ್ಕೆ ಬದಲಾಗುತ್ತದೆ. ಅಶುಭ ಅಂದವರನ್ನೇ, ನಿಮ್ಮ ಮನೆಯಲ್ಲಿ ಹೀಗೆ ಯಾಕೆ ನಂಬ್ತೀರಿ ಅಂತ ಕೇಳಿ.