ಪ್ರಶ್ನೆ ಬರೆಯುವಷ್ಟರಲ್ಲೇ ಉತ್ತರ ಹೊಳೆಯುವುದು ಯಾಕೆ?

ಪ್ರಶ್ನೆ: ನಾನು ಪ್ರೋಗ್ರಾಮರ್. ಕೋಡ್‌ನಲ್ಲಿ ಎಲ್ಲೋ ಸಿಕ್ಕಿಹಾಕಿಕೊಂಡಾಗ ಸೀನಿಯರ್‌ಗೆ ಮೆಸೇಜ್ ಟೈಪ್ ಮಾಡಲು ಕೂರುತ್ತೇನೆ. ಅರ್ಧ ಬರೆಯುವಷ್ಟರಲ್ಲಿ ಉತ್ತರ ನನಗೇ ಹೊಳೆದುಬಿಡುತ್ತದೆ. ಅಷ್ಟು ಹೊತ್ತು ಸ್ಕ್ರೀನ್ ನೋಡಿದರೂ ಕಾಣದ್ದು ಆಗ ಹೇಗೆ ಕಾಣುತ್ತದೆ? ಇದನ್ನು ಅಭ್ಯಾಸ ಮಾಡಿಕೊಳ್ಳಬಹುದಾ?

ಉತ್ತರ: ಖಂಡಿತ ಮಾಡಿಕೊಳ್ಳಿ. ಇದು ಸುಮ್ನೆ ಅದೃಷ್ಟ ಅಲ್ಲ.

ತಲೆಯೊಳಗೆ ಯೋಚಿಸುವಾಗ ನಾವು ಎಷ್ಟೋ ಹೆಜ್ಜೆ ಹಾರಿಸಿಬಿಡುತ್ತೇವೆ. "ಲಿಸ್ಟ್‌ನಲ್ಲಿರುವ ಖಾಲಿ ಸಾಲುಗಳನ್ನು ತೆಗೆಯಬೇಕು" ಅಂದುಕೊಂಡರೆ ಮನಸ್ಸಿಗೆ ಅದು ಒಂದೇ ಕೆಲಸ. ಪೈಥಾನ್ ಭಾಷೆಯಲ್ಲಿ ಒಂದು ಲೂಪ್ (ಒಂದೊಂದೇ ಜಾಗಕ್ಕೆ ಹೋಗಿ ಅದೇ ಕೆಲಸ ಮಾಡುವ ಕೋಡ್) ಬರೆದಿರಿ, ಆದರೆ ಎರಡು ಖಾಲಿ ಸಾಲು ಪಕ್ಕಪಕ್ಕ ಬಂದಾಗ ಒಂದು ಹಾಗೇ ಉಳಿಯುತ್ತಿದೆ ಅಂತಿಟ್ಟುಕೊಳ್ಳಿ. ಕೋಡ್ ಎಷ್ಟು ಸಲ ಓದಿದರೂ ಸರಿಯಾಗೇ ಕಾಣುತ್ತದೆ. ಈಗ ಅದನ್ನೇ ಬಿಡಿಸಿ ಬರೆಯಿರಿ: ಮೊದಲ ಜಾಗ ನೋಡುತ್ತೇನೆ, ಅಲ್ಲಿರುವ ಸಾಲು ಖಾಲಿ ಇದ್ದರೆ ಅಳಿಸುತ್ತೇನೆ, ಅಳಿಸಿದಾಗ ಕೆಳಗಿನ ಸಾಲುಗಳೆಲ್ಲ ಒಂದೊಂದು ಜಾಗ ಮೇಲಕ್ಕೆ ಜರುಗುತ್ತವೆ, ಆಮೇಲೆ ಎರಡನೇ ಜಾಗಕ್ಕೆ ಹೋಗುತ್ತೇನೆ. ತಡೀರಿ, ಹಾಗಾದರೆ ಈಗ ಮೊದಲ ಜಾಗಕ್ಕೆ ಜರುಗಿ ಬಂದ ಸಾಲನ್ನು ಯಾರೂ ನೋಡಲೇ ಇಲ್ಲ ಅಲ್ವಾ? ಬಗ್, ಅಂದರೆ ಕೋಡ್‌ನಲ್ಲಿರುವ ತಪ್ಪು, ಅಲ್ಲೇ ಇದೆ.

ಗೊತ್ತಿದೆ ಅನ್ನೋ ಭಾವನೆಯೇ ನಮಗೆ ಅಡ್ಡ ಬರುತ್ತದೆ. ಮನಃಶಾಸ್ತ್ರಜ್ಞರಾದ ರೋಜೆನ್‌ಬ್ಲಿಟ್ ಮತ್ತು ಕೀಲ್ 2002ರಲ್ಲಿ ಇದರ ಬಗ್ಗೆ ಅಧ್ಯಯನ ಪ್ರಕಟಿಸಿದರು. ಜಿಪ್‌ನಂಥ ದಿನಬಳಕೆಯ ವಸ್ತುಗಳು ನಿಮಗೆ ಎಷ್ಟು ಅರ್ಥವಾಗಿವೆ ಅಂತ ಮೊದಲು ಜನರಿಗೆ ಕೇಳಿದರು, ಆಮೇಲೆ ಅವು ಕೆಲಸ ಮಾಡುವ ರೀತಿಯನ್ನು ಹಂತಹಂತವಾಗಿ ಬರೆಯಲು ಹೇಳಿದರು. ಬರೆದ ಮೇಲೆ ಜನ ತಮ್ಮ ತಿಳುವಳಿಕೆಗೆ ತಾವೇ ಕಡಿಮೆ ಅಂಕ ಕೊಟ್ಟುಕೊಂಡರು. ಕೋಡ್ ವಿಷಯದಲ್ಲೂ ಹೀಗೇ ಆಗುತ್ತದೆ. ಕೆಲವರು ಮೇಜಿನ ಮೇಲೆ ರಬ್ಬರ್ ಬಾತುಕೋಳಿ ಇಟ್ಟುಕೊಂಡು ಅದಕ್ಕೆ ಒಂದೊಂದೇ ಸಾಲು ವಿವರಿಸುತ್ತಾರೆ, ರಬ್ಬರ್ ಡಕ್ ಡೀಬಗ್ಗಿಂಗ್ ಅಂತ ಅದಕ್ಕೆ ಹೆಸರೇ ಇದೆ. ನನಗೆ ಬರೆಯುವುದೇ ಜಾಸ್ತಿ ಇಷ್ಟ, ಯಾಕಂದರೆ ಬರೆದದ್ದನ್ನು ಮತ್ತೆ ಓದಬಹುದು.

"ಕೆಲಸ ಮಾಡ್ತಿಲ್ಲ" ಅಂತ ಬರೆದರೆ ಏನೂ ಉಪಯೋಗವಿಲ್ಲ. ಯಾವ ಇನ್‌ಪುಟ್ ಕೊಟ್ಟಿರಿ, ಏನು ಬರಬೇಕಿತ್ತು, ಏನು ಬಂತು, ಇಷ್ಟನ್ನು ಬರೆಯಿರಿ. ಬರೆಯುತ್ತಾ ಯಾವುದಾದರೂ ವಾಕ್ಯ ಬರೀ ಊಹೆ ಅನ್ನಿಸಿದರೆ ಅಲ್ಲೇ ನಿಲ್ಲಿಸಿ, ಕೋಡ್‌ನಲ್ಲಿ ಒಂದು ಪ್ರಿಂಟ್ ಹಾಕಿ, ಆ ಹಂತದ ಬೆಲೆ ಸ್ಕ್ರೀನ್ ಮೇಲೆ ತೋರಿಸಿ, ನಿಜಾನಾ ಅಂತ ನೋಡಿ. ನನ್ನ ಅನುಭವದಲ್ಲಿ ಬಗ್ ಹೆಚ್ಚಾಗಿ ಇಂಥ ವಾಕ್ಯದ ಹಿಂದೆಯೇ ಇರುತ್ತದೆ. ಕನ್ನಡವೋ ಇಂಗ್ಲಿಷೋ, ಭಾಷೆ ಯಾವುದಾದರೂ ಸರಿ, ಯಾವುದರಲ್ಲಿ ಯೋಚನೆ ಸಲೀಸಾಗಿ ಬರುತ್ತದೋ ಅದರಲ್ಲೇ ಬರೆಯಿರಿ.

ಎಲ್ಲ ಬಗ್‌ಗೂ ಇದು ಸಾಲುವುದಿಲ್ಲ. ನೀವು ಬಳಸುವ ಲೈಬ್ರರಿಯಲ್ಲೇ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್‌ನಲ್ಲೇ) ದೋಷ ಇದ್ದರೆ ನಿಮ್ಮ ತರ್ಕ ಎಷ್ಟು ಬಿಡಿಸಿದರೂ ಅದು ಸಿಗುವುದಿಲ್ಲ. ಆಗ ಸಂಕೋಚ ಬೇಡ, ಬರೆದಿಟ್ಟಿದ್ದನ್ನು ಹಾಗೇ ನಿಮ್ಮ ಸೀನಿಯರ್‌ಗೆ ಕಳಿಸಿ. ಇನ್‌ಪುಟ್ ಏನು, ಏನು ಬಂತು ಅಂತ ಅವರು ತಿರುಗಿ ಕೇಳುವ ಅರ್ಧ ಪ್ರಶ್ನೆಗಳಿಗೆ ಅದರಲ್ಲೇ ಉತ್ತರ ಇರುತ್ತದೆ.