ಸೋಗಾನೆಯ ವಿಮಾನ, ಹೊಳೆಬಾಗಿಲಿನ ಲಾಂಚ್

ಪತ್ರ: ಸೋಗಾನೆಯಲ್ಲಿ ವಿಮಾನ ನಿಲ್ದಾಣವಾಗಿ ಇಷ್ಟು ಕಾಲವಾಯಿತು. ನಿಮ್ಮ ಪತ್ರಿಕೆಯಲ್ಲಿ ಅದರ ಬಗ್ಗೆ ಒಂದು ಒಳ್ಳೆಯ ಮಾತಿಲ್ಲ. ಯಾವಾಗ ನೋಡಿದರೂ ಬಸ್ಸು, ಹಳ್ಳಿ ರಸ್ತೆ ಎಂಬ ಹಳೇ ರಾಗ. ಮಲೆನಾಡು ಮುಂದೆ ಬರುವುದು ನಿಮಗೆ ಬೇಡವೇ?
– ಒಬ್ಬ ಓದುಗ, ಶಿವಮೊಗ್ಗ

ಉತ್ತರ: ಬೈಯುವುದಕ್ಕಾದರೂ ಕಾಗದ ಬರೆದಿರಲ್ಲ, ಸಂತೋಷ. ಹೊಗಳುವವರೆಲ್ಲ ಈಗ ವಾಟ್ಸ್‌ಆ್ಯಪಿನಲ್ಲಿ ಹೆಬ್ಬೆರಳು ತೋರಿಸಿ ಮುಗಿಸುತ್ತಾರೆ.

ನಿಲ್ದಾಣ ಚೆನ್ನಾಗಿದೆ, ಒಪ್ಪಿದೆ. ಸುಮಾರು 450 ಕೋಟಿ ರೂಪಾಯಿ ಖರ್ಚು, 3.2 ಕಿಲೋಮೀಟರ್ ರನ್‌ವೇ, ಮೇಲೆ ಕುವೆಂಪು ಹೆಸರು. 2023ರ ಆಗಸ್ಟ್ ಕೊನೆಗೆ ಬೆಂಗಳೂರಿನಿಂದ ಮೊದಲ ವಿಮಾನ ಇಳಿದಾಗ ನನಗೂ ಖುಷಿಯಾಗಿತ್ತು. ದೂರದೂರಿಗೆ ಹೋಗುವವರಿಗೆ ಅನುಕೂಲವೇ.

ಆದರೆ ಸ್ವಾಮಿ, ಅದೇ ಜಿಲ್ಲೆಯ ತುಮರಿಯವರನ್ನು ಒಮ್ಮೆ ನೆನೆಯಿರಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ಶರಾವತಿ ಹಿನ್ನೀರು ನಿಂತಿತು. ನಾಡಿಗೆಲ್ಲ ಬೆಳಕು ಬಂತು. ತುಮರಿ ಸೇರಿ ಹಿನ್ನೀರಿನಾಚೆ ಉಳಿದ ಕರೂರು, ಬಾರಂಗಿ ಕಡೆಯವರಿಗೆ ನೀರು ದಾಟಿಸುವ ಲಾಂಚ್ ಬಂತು. ಒಮ್ಮೆ ನಾನು ಲಾಂಚ್ ಹೊರಡುವ ಹೊಳೆಬಾಗಿಲು ಮುಟ್ಟುವಷ್ಟರಲ್ಲಿ ಸಂಜೆಯ ಕೊನೆಯ ಲಾಂಚ್ ಹೋಗಿಬಿಟ್ಟಿತ್ತು. ದಡದಲ್ಲಿ ಒಬ್ಬಾಕೆ ಜ್ವರದ ಮಗುವನ್ನು ಸೆರಗಲ್ಲಿ ಮುಚ್ಚಿಕೊಂಡು ಕೂತಿದ್ದಳು. ಎದುರು ದಡದ ದೀಪ ಕಣ್ಣಿಗೆ ಕಾಣುತ್ತಿದೆ, ಮನೆ ಅಲ್ಲೇ ಇದೆ. ಹೋಗಬೇಕೆಂದರೆ ನಗರ, ನಿಟ್ಟೂರು ಸುತ್ತಬೇಕು. "ನಮಗಿದು ರೂಢಿ ಬಿಡಿ" ಎಂದಳು. ನನಗೆ ಇವತ್ತಿಗೂ ರೂಢಿಯಾಗಿಲ್ಲ.

ಅಲ್ಲಿ ಸೇತುವೆಯಾಗಿದ್ದು 2025ರ ಜುಲೈನಲ್ಲಿ. ಖರ್ಚು ಸುಮಾರು 470 ಕೋಟಿ. ಹೆಚ್ಚುಕಡಿಮೆ ನಿಮ್ಮ ನಿಲ್ದಾಣದ ಲೆಕ್ಕವೇ. ಮನೆ ಮುಳುಗಿಸಿಕೊಂಡವರು ಅರವತ್ತು ವರ್ಷ ಕಾದರು. ವಿಮಾನ ಅವರಿಗಿಂತ ಎರಡು ವರ್ಷ ಮೊದಲೇ ಬಂತು! ಈ ಸರದಿಯ ಬಗ್ಗೆಯೇ ನನ್ನ ಜಗಳ, ವಿಮಾನದ ಮೇಲಲ್ಲ.

ಇನ್ನು ವಿಮಾನದ ನಂಬಿಕೆ ಎಷ್ಟು ದಿನದ್ದು? ಮೈಸೂರಿನ ಮಂಡಕಳ್ಳಿಯಲ್ಲಿ 2010ರಲ್ಲಿ ಶುರುವಾದ ವಿಮಾನ ಮರುವರ್ಷವೇ ನಿಂತಿತು. ಬೀದರಿನಲ್ಲಿ 2020ರಲ್ಲಿ ಬಂತು, 2023ರ ಕೊನೆಗೆ ಹೋಯಿತು, 2025ರಲ್ಲಿ ಮತ್ತೆ ಬಂತು. ಸಣ್ಣ ಊರುಗಳಿಗೆ ವಿಮಾನ ಹಾರಿಸಲೆಂದು ಕೇಂದ್ರ ತಂದ ಉಡಾನ್ ಯೋಜನೆಯಲ್ಲಿ ಕಂಪನಿಗೆ ನಷ್ಟ ತುಂಬಿಕೊಡುವುದು ಮೂರು ವರ್ಷ. ಆಮೇಲೆ ಕಂಪನಿಯವರು ಲೆಕ್ಕದ ಪುಸ್ತಕ ತೆಗೆಯುತ್ತಾರೆ. ಅದೇ ಬೀದರಿಗೆ 2017ರಲ್ಲಿ ಕಲಬುರಗಿಯಿಂದ ರೈಲು ಮಾರ್ಗವಾಯಿತಲ್ಲ, ಆ ಹಳಿಯನ್ನು ಯಾರೂ ಕಿತ್ತುಕೊಂಡು ಹೋಗಿಲ್ಲ.

ನಮ್ಮ ಪತ್ರಕರ್ತರದೂ ತಪ್ಪಿದೆ. ವಿಮಾನ ತಡವಾದರೆ ಮುಖಪುಟ; ಹಳ್ಳಿಯ ರಾತ್ರಿ ವಸತಿ ಬಸ್ಸು ನಿಂತರೆ ಮೂರನೇ ಪುಟದ ಮೂಲೆಯಲ್ಲೂ ಜಾಗವಿಲ್ಲ. ಆ ಬಸ್ಸು ನಿಂತ ವರ್ಷವೇ ಎಷ್ಟು ಹೆಣ್ಣುಮಕ್ಕಳು ಕಾಲೇಜು ಬಿಟ್ಟರು ಎಂದು ಯಾರಾದರೂ ಎಣಿಸಿದ್ದಾರೆಯೇ? ತಾಳಗುಪ್ಪಕ್ಕೆ ಬಂದ ರೈಲು ಘಟ್ಟ ಇಳಿದು ಹೊನ್ನಾವರಕ್ಕೆ ಹೋಗಲಿಲ್ಲ. ಕಾಡು ಕಡಿಯಬೇಕಲ್ಲ ಎನ್ನುತ್ತೀರಿ. ಸರಿ, ಅದು ಬೇರೆಯೇ ಜಗಳ, ಇನ್ನೊಂದು ಸಂಚಿಕೆಗಿರಲಿ.

ಕೋಪ ತಣ್ಣಗಾಗಿದ್ದರೆ ಒಂದು ಕೆಲಸ ಮಾಡಿ. ಒಂದು ಭಾನುವಾರ ಆ ಸೇತುವೆ ದಾಟಿ ತುಮರಿಗೆ ಹೋಗಿ, ಕಾರಲ್ಲಿ ಬೇಡ. ದಿನಕ್ಕೆ ಎಷ್ಟು ಬಸ್ಸು ಬರುತ್ತವೆ, ಕೊನೆಯದು ಎಷ್ಟು ಗಂಟೆಗೆ, ಕೇಳಿ ಬರೆದು ಕಳಿಸಿ. ಅಕ್ಷರವೂ ಕತ್ತರಿಸದೆ ಹಾಕುತ್ತೇನೆ.

– ಸಂ.