ಕಡಲಕಳೆಯ ಅಂಶಗಳನ್ನು ನ್ಯಾನೋ ಔಷಧಗಳಲ್ಲಿ ಹೇಗೆ ಬಳಸುತ್ತಾರೆ?

ಬೆಂಗಳೂರಿನ ಮೆಡಿಕಲ್ ಅಂಗಡಿಗಳಲ್ಲಿ ಎದೆಯುರಿಗೆಂದು ಕೊಡುವ ಕೆಲವು ಸಿರಪ್‌ಗಳ ಲೇಬಲ್ಲಿನಲ್ಲಿ ಸೋಡಿಯಂ ಆಲ್ಜಿನೇಟ್ ಎಂಬ ಹೆಸರಿರುತ್ತದೆ. ಕಂದು ಕಡಲಕಳೆಯಿಂದ ತೆಗೆಯುವ ಇದೇ ಪದಾರ್ಥವನ್ನು ಸಂಶೋಧಕರು ಔಷಧ ಒಯ್ಯುವ ಅತಿಸೂಕ್ಷ್ಮವಾದ ನ್ಯಾನೋ ಕಣಗಳಿಗೂ ಬಳಸುತ್ತಾರೆ. ಋಣ ವಿದ್ಯುದಂಶವುಳ್ಳ ಇದರ ತೆಳು ದ್ರಾವಣಕ್ಕೆ ಕ್ಯಾಲ್ಸಿಯಂ ಕ್ಲೋರೈಡನ್ನು ಹನಿಹನಿಯಾಗಿ ಬೆರೆಸಿ, ಬಳಿಕ ಸಿಗಡಿ, ಏಡಿಗಳ ಚಿಪ್ಪಿನಿಂದ ಪಡೆಯುವ, ಧನ ವಿದ್ಯುದಂಶದ ಕೈಟೋಸಾನ್ ಸೇರಿಸಿದರೆ, ಕೆಲವು ನೂರು ನ್ಯಾನೋಮೀಟರ್ ಗಾತ್ರದ ಕಣಗಳು ತಾವಾಗಿಯೇ ರೂಪುಗೊಂಡು ಔಷಧವನ್ನು ಒಳಗೆ ಹಿಡಿದಿಡುತ್ತವೆ. ಆಲ್ಜಿನೇಟ್ ಜಠರದ ಆಮ್ಲದಲ್ಲಿ ಕುಗ್ಗಿ ಔಷಧವನ್ನು ಕಾಪಾಡಿ, ಕರುಳಿನಲ್ಲಿ ಉಬ್ಬಿ ಅದನ್ನು ಹೊರಬಿಡುವುದರಿಂದ, ಬಾಯಿಯ ಮೂಲಕ ಇನ್ಸುಲಿನ್ ಕೊಡುವ ಪ್ರಯೋಗಗಳಲ್ಲಿ ಇದಕ್ಕೆ ಬೇಡಿಕೆಯಿದೆ.

ನನ್ನ ದೃಷ್ಟಿಯಲ್ಲಿ ಹೆಚ್ಚು ಕುತೂಹಲಕರವಾದದ್ದು ಕಂದು ಕಡಲಕಳೆಯದೇ ಇನ್ನೊಂದು ಪದಾರ್ಥವಾದ ಫ್ಯುಕಾಯ್ಡಾನ್: ಕ್ಯಾನ್ಸರ್ ಗೆಡ್ಡೆಗಳ ರಕ್ತನಾಳಗಳಲ್ಲಿ ಕಾಣಿಸಿಕೊಳ್ಳುವ ಪಿ-ಸೆಲೆಕ್ಟಿನ್ ಪ್ರೋಟೀನಿಗೆ ಅದು ಅಂಟಿಕೊಳ್ಳುವುದರಿಂದ, ಔಷಧವನ್ನು ಅಲ್ಲಿಗೇ ತಲುಪಿಸಬಲ್ಲದೆಂದು ಇಲಿಗಳಲ್ಲಿ ಕಂಡುಬಂದಿದೆ. ಆದರೆ ಕಡಲಕಳೆಯ ಜಾತಿ ಮತ್ತು ಕೊಯ್ಲಿನ ಋತು ಬದಲಾದಂತೆ ಅದರ ಅಣುತೂಕ, ಸಲ್ಫೇಟ್ ಪ್ರಮಾಣಗಳೂ ಬದಲಾಗುತ್ತವೆ. ಒಂದೇ ಗುಣಮಟ್ಟದ ಔಷಧ ತಯಾರಿಕೆಗೆ ಇದೇ ದೊಡ್ಡ ತೊಡಕು.